ಮೂಗು ಓಡುವುದಿಲ್ಲ, ಸೋರುತ್ತದೆ

ಈ ಸಲ ಬಂದ ಪತ್ರಗಳಲ್ಲಿ ಎಂಟು ಪತ್ರಗಳು ಒಂದೇ ಇಂಗ್ಲಿಷ್ ಪದದ ಬಗ್ಗೆ ಇದ್ದವು. ಆ ಪದ ‘ರನ್’. ಒಬ್ಬರಿಗೊಬ್ಬರು ಗೊತ್ತೇ ಇಲ್ಲದವರು ಒಂದೇ ಹೊತ್ತಿಗೆ ಒಂದೇ ಪದ ಹಿಡಿದು ಕೇಳಿದ್ದು ನೋಡಿ ತುಂಬಾ ಖುಷಿಯಾಯಿತು. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು, ಈ ಸಲದ ಜಾಗವನ್ನೆಲ್ಲ ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಾನು ಪದವಿ ಎರಡನೇ ವರ್ಷದ ವಿದ್ಯಾರ್ಥಿನಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳು. ‘ರನ್’ ಅಂದರೆ ಓಡು ಅಂತ ಚಿಕ್ಕಂದಿನಲ್ಲೇ ಕಲಿತೆ. ಈಗ ಒಂದೇ ವಾರದಲ್ಲಿ ಇಷ್ಟು ವಾಕ್ಯ ಸಿಕ್ಕಿವೆ: ‘ಹರ್ ನೋಸ್ ಈಸ್ ರನ್ನಿಂಗ್’, ‘ದ ರೋಡ್ ರನ್ಸ್ ಅಲಾಂಗ್ ದ ರಿವರ್’, ‘ಷಿ ರನ್ಸ್ ಎ ಸ್ಕೂಲ್’, ‘ದ ಪ್ಲೇ ರ್‍ಯಾನ್ ಫಾರ್ ಸಿಕ್ಸ್ ಮಂತ್ಸ್’. ನಿಘಂಟು ತೆಗೆದರೆ ಅರ್ಥಗಳು ಮುಗಿಯುವುದೇ ಇಲ್ಲ. ಇಷ್ಟನ್ನೂ ಬಾಯಿಪಾಠ ಮಾಡುವುದು ಹೇಗೆ?

ಉತ್ತರ: ಬಾಯಿಪಾಠ ಮಾಡಬೇಡಿ. ಮಾಡಿದರೂ ನಿಲ್ಲುವುದಿಲ್ಲ. ನಾನು ಮೂವತ್ತೊಂದು ವರ್ಷ ಇಂಗ್ಲಿಷ್ ಪಾಠ ಹೇಳಿದ್ದೇನೆ. ಅರ್ಥದ ಪಟ್ಟಿ ಉರು ಹೊಡೆದವರು ಪರೀಕ್ಷೆಯ ಮರುದಿನವೇ ಮರೆತದ್ದನ್ನು ಕಣ್ಣಾರೆ ನೋಡಿದ್ದೇನೆ.

ನಾನು ತರಗತಿಯಲ್ಲಿ ಮಾಡಿಸುತ್ತಿದ್ದ ಒಂದು ಕೆಲಸ ಹೇಳುತ್ತೇನೆ. ವಾಕ್ಯದಲ್ಲಿ ‘ರನ್’ ಇರುವ ಜಾಗವನ್ನು ಹೆಬ್ಬೆರಳಿನಿಂದ ಮುಚ್ಚಿ. ಉಳಿದದ್ದನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿಕೊಳ್ಳಿ. ‘ಅವಳ ಮೂಗು...’ ಅಂದ ಕೂಡಲೇ ನಿಮ್ಮ ಬಾಯಿಗೆ ಏನು ಬರುತ್ತದೆ? ‘ಸೋರುತ್ತಿದೆ’ ಅಂತ ತಾನೇ? ‘ರಸ್ತೆ ನದಿಯ ಪಕ್ಕದಲ್ಲೇ...’ ‘ಸಾಗುತ್ತದೆ’. ‘ಅವರು ಒಂದು ಶಾಲೆ...’ ‘ನಡೆಸುತ್ತಾರೆ’. ‘ನಾಟಕ ಆರು ತಿಂಗಳು...’ ಇಲ್ಲಿ ನೋಡಿ, ‘ಓಡಿತು’ ಅಂತಲೇ ಬರುತ್ತದೆ! ನಾಟಕ, ಸಿನಿಮಾ ಎರಡನ್ನೂ ನಾವು ಓಡಿಸುತ್ತೇವೆ. ಅಂದರೆ ಅರ್ಥ ನಿಮಗೆ ಮೊದಲೇ ಗೊತ್ತಿತ್ತು. ‘ರನ್’ ಅಂದ ತಕ್ಷಣ ‘ಓಡು’ ಬಂದು ಅಡ್ಡ ನಿಂತಿತ್ತು, ಅಷ್ಟೇ.

ಹೆಬ್ಬೆರಳು ಇಟ್ಟಾಗ ಆಗುವುದೇನು ಅಂದರೆ, ನಿಮ್ಮ ಕಣ್ಣು ಪಕ್ಕದ ಪದಗಳ ಮೇಲೆ ಬೀಳುತ್ತದೆ. ಯಾವ ವಸ್ತು ಅಥವಾ ಯಾರು ‘ರನ್’ ಆಗುತ್ತಿದ್ದಾರೆ, ಆಮೇಲೆ ಏನು ಬಂದಿದೆ ಅನ್ನುವುದರಲ್ಲೇ ಅರ್ಥ ಇರುತ್ತದೆ. ಜೆ. ಆರ್. ಫರ್ತ್ ಎಂಬ ಬ್ರಿಟಿಷ್ ಭಾಷಾವಿಜ್ಞಾನಿ 1957ರಲ್ಲಿ ಇದನ್ನೇ ಹೇಳಿದರು: ಒಂದು ಪದ ಯಾರ ಜೊತೆ ಓಡಾಡುತ್ತದೋ ಅದರಿಂದ ಆ ಪದವನ್ನು ತಿಳಿಯಬೇಕು ಅಂತ. ನೀರು, ಕಣ್ಣೀರು ಜೊತೆಗಿದ್ದರೆ ‘ಹರಿ’. ಒಗೆಯುವಾಗ ಬಟ್ಟೆಯ ಕಲರ್ ‘ರನ್’ ಆದರೆ ‘ಬಣ್ಣ ಬಿಡು’. ತಂತಿ, ಗೋಡೆ, ಬೇಲಿ ಇದ್ದರೆ ‘ಉದ್ದಕ್ಕೂ ಹೋಗು’. ಯಂತ್ರವೋ ಕಂಪ್ಯೂಟರ್ ಪ್ರೋಗ್ರಾಮೋ ಇದ್ದರೆ ‘ನಡೆ’, ‘ಚಾಲೂ ಆಗು’. ಜ್ವರ ಇದ್ದರೆ ಜ್ವರ ಬಂದಿದೆ, ಮುಗಿಯಿತು. ‘ಫೈವ್ ಡೇಸ್ ರನ್ನಿಂಗ್’ ಅಂತ ಇದ್ದರೆ ‘ಸತತ ಐದು ದಿನ’. ಒಂದು ಪದ್ಯವನ್ನು ಉದಾಹರಿಸುವ ಮುಂಚೆ ‘ಇಟ್ ರನ್ಸ್ ಲೈಕ್ ದಿಸ್’ ಅಂದರೆ ‘ಅದು ಹೀಗಿದೆ’.

ಇವೆಲ್ಲದರ ಹಿಂದೆ ಒಂದು ಚಿತ್ರ ಇದೆ. ಎಲ್ಲೂ ನಿಲ್ಲದೆ, ಒಂದು ದಾರಿ ಹಿಡಿದು, ಈ ತುದಿಯಿಂದ ಆ ತುದಿಗೆ ಸಾಗುವುದು. ಕಾಲು ಸಾಗಿದರೆ ಓಟ, ನೀರು ಸಾಗಿದರೆ ಹರಿವು. ಕಾಲದಲ್ಲಿ ಸಾಗಿದರೆ ಆರು ತಿಂಗಳ ನಾಟಕ, ಎರಡು ವರ್ಷದ ಕರಾರು. ರಸ್ತೆ ಪಾಪ ಎಲ್ಲೂ ಹೋಗುವುದಿಲ್ಲ, ಇದ್ದಲ್ಲೇ ಇರುತ್ತದೆ. ಅದನ್ನು ನೋಡುವ ನಮ್ಮ ಕಣ್ಣು ಅದರ ಮೇಲೆ ಸಾಗುತ್ತದೆ. ಆ ಸಾಗುವಿಕೆಯನ್ನು ರಸ್ತೆಗೇ ಹಚ್ಚಿ ಹೇಳುತ್ತೇವೆ. ಕನ್ನಡದಲ್ಲೂ ‘ಈ ರಸ್ತೆ ಎಲ್ಲಿಗೆ ಹೋಗುತ್ತೆ?’ ಅಂತ ಕೇಳುತ್ತೇವೆ, ಅಲ್ವಾ? ಈ ಚಿತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ, ನಿಘಂಟಿನಲ್ಲಿ ಇಲ್ಲದ ಹೊಸ ‘ರನ್’ ಸಿಕ್ಕರೂ ಅರ್ಧ ಅರ್ಥ ತಾನಾಗಿ ಹೊಳೆಯುತ್ತದೆ.

ಆದರೆ ಹೆಬ್ಬೆರಳು ಎಲ್ಲ ಕಡೆ ಕೈ ಹಿಡಿಯುವುದಿಲ್ಲ. ನನಗೆ ಹದಿನಾಲ್ಕು ವರ್ಷ ಇದ್ದಾಗ ನಡೆದದ್ದು ಹೇಳುತ್ತೇನೆ. ಅಜ್ಜಿಯ ಕಾಲಿನ ಗಾಯ ಎಷ್ಟು ದಿನವಾದರೂ ಮಾಯುತ್ತಿರಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಮನೆಯಲ್ಲಿ ಇಂಗ್ಲಿಷ್ ಓದುತ್ತಿದ್ದವಳು ನಾನೊಬ್ಬಳೇ. ಅವರು ಸಕ್ಕರೆ ಕಾಯಿಲೆಯ ಮಾತೆತ್ತಿ ‘ಡಸ್ ಇಟ್ ರನ್ ಇನ್ ದ ಫ್ಯಾಮಿಲಿ?’ ಅಂತ ಕೇಳಿದರು. ಒಂದೊಂದು ಪದವೂ ನನಗೆ ಗೊತ್ತಿತ್ತು. ಒಟ್ಟು ಸೇರಿಸಿದರೆ ಏನೂ ಗೊತ್ತಾಗಲಿಲ್ಲ. ಕೇಳಲು ನಾಚಿಕೆ. ಅಜ್ಜಿಯ ಕಡೆ ತಿರುಗಿ ‘ಮನೆಯಲ್ಲಿ ಎಲ್ಲರೂ ಓಡಾಡಿಕೊಂಡು ಚೆನ್ನಾಗಿದ್ದಾರಾ ಅಂತ ಕೇಳ್ತಿದ್ದಾರೆ’ ಅಂದೆ. ‘ದೇವರ ದಯೆ, ಎಲ್ಲರೂ ಚೆನ್ನಾಗಿದ್ದಾರೆ’ ಅಂದರು ಅಜ್ಜಿ. ನಾನು ಡಾಕ್ಟರಿಗೆ ‘ನೋ ಪ್ರಾಬ್ಲಂ’ ಅಂದುಬಿಟ್ಟೆ. ಅಜ್ಜಿಯ ಅಕ್ಕನಿಗೂ ತಮ್ಮನಿಗೂ ಸಕ್ಕರೆ ಕಾಯಿಲೆ ಇತ್ತು. ಪುಣ್ಯಕ್ಕೆ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಕಾಯಿಲೆ ಗೊತ್ತಾಯಿತು. ‘ವಂಶದಲ್ಲಿ ಯಾರಿಗಾದರೂ ಇದೆಯಾ’ ಅನ್ನುವ ಸರಳ ಪ್ರಶ್ನೆ ಅದು. ಪದಗಳ ಕೆಲಸವನ್ನು ನಾನು ಹಗುರವಾಗಿ ತೆಗೆದುಕೊಳ್ಳದೆ ಇರಲು ಆ ದಿನವೇ ಕಾರಣ.

ಆದ್ದರಿಂದ ಇಂಥ ಕಟ್ಟುಗಳನ್ನು ಇಡಿಯಾಗಿ ಕಲಿಯಿರಿ. ‘ರನ್ ಇನ್ ದ ಫ್ಯಾಮಿಲಿ’, ‘ರನ್ ಎ ರಿಸ್ಕ್’, ‘ಇನ್ ದ ಲಾಂಗ್ ರನ್’ ಇವನ್ನು ಬಿಡಿಸಬಾರದು. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಅರ್ಥ ಬರೆಯಬೇಡಿ, ಸಿಕ್ಕ ವಾಕ್ಯವನ್ನು ಪೂರ್ತಿ ಬರೆಯಿರಿ. ಅದರ ಕೆಳಗೆ, ನಿಮ್ಮ ಮನೆಯವರ ಹತ್ತಿರ ಅದನ್ನೇ ಹೇಳಬೇಕಾದರೆ ಹೇಗೆ ಹೇಳುತ್ತಿದ್ದಿರೋ ಹಾಗೆ ಕನ್ನಡದಲ್ಲಿ ಬರೆಯಿರಿ.

ಪ್ರಶ್ನೆ: ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥ ಇರುವ ಪದ ‘ಸೆಟ್’ ಎಂದು ನಮ್ಮ ಕಾಲದ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಓದಿದ್ದೆ. ಮೊಮ್ಮಗ ‘ಅಲ್ಲ, ರನ್’ ಎಂದು ಹಟ ಹಿಡಿದಿದ್ದಾನೆ. ಯಾರು ಸರಿ? ಇದನ್ನೆಲ್ಲ ಯಾರು ಕೂತು ಎಣಿಸುತ್ತಾರೆ?

ಉತ್ತರ: ನೀವು ಓದಿದಾಗ ನೀವು ಸರಿ, ಈಗ ಮೊಮ್ಮಗ ಸರಿ.

ಎಣಿಸುವವರು ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಸಂಪಾದಕರು. ಅದರ ಎರಡನೇ ಆವೃತ್ತಿ 1989ರಲ್ಲಿ 20 ಸಂಪುಟಗಳಲ್ಲಿ ಬಂತು. ಅದರಲ್ಲಿ ‘ಸೆಟ್’ ಎಂಬ ಕ್ರಿಯಾಪದಕ್ಕೆ ಸುಮಾರು 430 ಅರ್ಥ ಕೊಟ್ಟಿದ್ದರು. ಆ ಒಂದು ಪದದ ವಿವರಣೆಯೇ ಸುಮಾರು 60,000 ಪದಗಳಷ್ಟು ಉದ್ದ. ಆಮೇಲೆ ಮೂರನೇ ಆವೃತ್ತಿಯ ಕೆಲಸ ಶುರುವಾಯಿತು. ಪೀಟರ್ ಗಿಲಿವರ್ ಎಂಬ ಸಂಪಾದಕರು ‘ರನ್’ ಪದವನ್ನು ಕೈಗೆತ್ತಿಕೊಂಡು ಒಂಬತ್ತು ತಿಂಗಳು ಅದರ ಮೇಲೇ ಕೂತರು. ಕ್ರಿಯಾಪದ ಒಂದಕ್ಕೇ 645 ಅರ್ಥ ಬಂತು. ಇದು 2011ರಲ್ಲಿ ಸುದ್ದಿಯಾಯಿತು. ಒಂದು ಪದಕ್ಕಾಗಿ ಒಂಬತ್ತು ತಿಂಗಳು! ಈ ತಾಳ್ಮೆಯನ್ನು ನೆನೆದರೆ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಎಣಿಸುವ ಕ್ರಮ ಸ್ವಾರಸ್ಯವಾಗಿದೆ. ಮೊದಲ ಆವೃತ್ತಿ 1884ರಿಂದ 1928ರವರೆಗೆ ಕಂತು ಕಂತಾಗಿ ಬಂತು. ಅದರ ಮುಖ್ಯ ಸಂಪಾದಕ ಜೇಮ್ಸ್ ಮರ್ರೆ. ಅದು ಮುಗಿಯುವುದನ್ನು ನೋಡಲು ಅವರು ಉಳಿಯಲಿಲ್ಲ, 1915ರಲ್ಲೇ ತೀರಿಕೊಂಡರು. ಸಾವಿರಾರು ಓದುಗರು ತಾವು ಓದಿದ ಪುಸ್ತಕಗಳಿಂದ ವಾಕ್ಯಗಳನ್ನು ಸಣ್ಣ ಚೀಟಿಗಳಲ್ಲಿ ಬರೆದು ಅವರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಸಂಪಾದಕರು ಒಂದು ಪದದ ಚೀಟಿಗಳನ್ನೆಲ್ಲ ಮುಂದೆ ಹರಡಿಕೊಂಡು, ಒಂದೇ ಅರ್ಥದವನ್ನು ಒಂದು ಗುಡ್ಡೆ ಮಾಡುತ್ತಿದ್ದರು. ಎಷ್ಟು ಗುಡ್ಡೆಯೋ ಅಷ್ಟು ಅರ್ಥ. ಈಗ ಚೀಟಿಯ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ಗುಡ್ಡೆ ಮಾಡುವ ಕೆಲಸ ಮಾತ್ರ ಈಗಲೂ ಮನುಷ್ಯನ ತಲೆಯದೇ.

ಕಷ್ಟ ಇರುವುದು ಅಲ್ಲೇ. ‘ಬಸ್ ಓಡುತ್ತದೆ’, ‘ಈ ಮಾರ್ಗದಲ್ಲಿ ದಿನಕ್ಕೆ ಮೂರು ಬಸ್ ಓಡುತ್ತವೆ’. ಇವು ಒಂದೇ ಗುಡ್ಡೆಯೋ ಎರಡೋ? ಮೊದಲನೆಯದು ಚಕ್ರ ಉರುಳುವ ಮಾತು. ಎರಡನೆಯದು ವೇಳಾಪಟ್ಟಿಯ ಮಾತು. ಆಕ್ಸ್‌ಫರ್ಡಿನವರು ಸಾವಿರ ವರ್ಷದ ಬಳಕೆಯನ್ನು ನೋಡಿ ತುಂಬಾ ಸಣ್ಣದಾಗಿ ಬಿಡಿಸುತ್ತಾರೆ. ಈಗ ಯಾರೂ ಬಳಸದ ಅರ್ಥಗಳೂ ಅವರ ಲೆಕ್ಕದಲ್ಲಿ ಸೇರಿವೆ. ಕಲಿಯುವವರಿಗಾಗಿ ಮಾಡಿದ ನಿಘಂಟಿನಲ್ಲಿ ಇದರ ಒಂದು ಸಣ್ಣ ಪಾಲಷ್ಟೇ ಇರುತ್ತದೆ. ದಿನನಿತ್ಯಕ್ಕೆ ಅಷ್ಟು ಸಾಕು.

ಇನ್ನೊಂದು ಮಾತು. ‘ಸೆಟ್’, ‘ರನ್’, ‘ಪುಟ್’, ‘ಮೇಕ್’, ‘ಗೋ’, ‘ಟೇಕ್’ ಎಲ್ಲವೂ ಪುಟ್ಟ ಪುಟ್ಟ ಪದಗಳೇ. ಜಾಸ್ತಿ ಬಳಕೆಯಾಗುವ ಪದಕ್ಕೆ ಜಾಸ್ತಿ ಅರ್ಥ ಇರುತ್ತದೆ ಎಂಬುದನ್ನು ಜಾರ್ಜ್ ಝಿಪ್ಫ್ ಎಂಬ ಅಮೆರಿಕದ ವಿದ್ವಾಂಸ 1945ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಕೈಗೆ ಹತ್ತಿರ ಇರುವ ಚಾಕುವಿನಿಂದಲೇ ದಾರ ಕತ್ತರಿಸುತ್ತೇವೆ, ಪೆನ್ಸಿಲ್ ಕೆತ್ತುತ್ತೇವೆ, ಡಬ್ಬದ ಮುಚ್ಚಳವನ್ನೂ ಎಬ್ಬಿಸುತ್ತೇವೆ. ಪದಗಳೂ ಹಾಗೇ.

ಪ್ರಶ್ನೆ: ಮಗಳಿಗೆ ‘ರನ್–ರ್‍ಯಾನ್–ರನ್’ ಹೇಳಿಕೊಡುತ್ತಿದ್ದೆ. ‘ಅಮ್ಮಾ, ಮೊದಲನೇದೂ ಮೂರನೇದೂ ಒಂದೇ ಯಾಕೆ?’ ಅಂದಳು. ಜೊತೆಗೆ ಇನ್ನೊಂದು: ‘ಐ ರನ್’ ಅಂದರೆ ನಾನು ಓಡುತ್ತೇನೆ. ‘ಐ ರನ್ ದ ಮೆಷಿನ್’ ಅಂದರೆ ನಾನು ಓಡಿಸುತ್ತೇನೆ. ಓಡುವುದಕ್ಕೂ ಓಡಿಸುವುದಕ್ಕೂ ಒಂದೇ ಪದ ಹೇಗೆ ಬಂತು?

ಉತ್ತರ: ನಿಮ್ಮ ಮಗಳನ್ನು ಅಪ್ಪಿಕೊಳ್ಳಿ. ಒಳ್ಳೆಯ ಪ್ರಶ್ನೆ ಕೇಳಿದ್ದಾಳೆ.

ಮೊದಲು ಅವಳದ್ದು. ‘ಸಿಂಗ್–ಸ್ಯಾಂಗ್–ಸಂಗ್’, ‘ಡ್ರಿಂಕ್–ಡ್ರ್ಯಾಂಕ್–ಡ್ರಂಕ್’ ಹೇಳಿಸಿ. ರಾಗ ಸಿಕ್ಕಿತಾ? ಆ ರಾಗದಲ್ಲಿ ಇದು ‘ರಿನ್–ರ್‍ಯಾನ್–ರನ್’ ಆಗಬೇಕಿತ್ತು. ಹಳೆಯ ಇಂಗ್ಲಿಷಿನಲ್ಲಿ ಇದರ ಒಂದು ರೂಪ ‘ರಿನ್ನನ್’ ಎಂದೇ ಇತ್ತು. ಸ್ಕಾಟ್ಲೆಂಡಿನ ಸ್ಕಾಟ್ಸ್ ನುಡಿಯಲ್ಲಿ ಇಂದಿಗೂ ‘ರಿನ್’ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಮಾತ್ರ ಮೂರನೇ ರೂಪದ ಸ್ವರ ಮೊದಲನೇ ರೂಪಕ್ಕೂ ಹಬ್ಬಿತು. ಜರ್ಮನ್ ಭಾಷೆಯಲ್ಲಿ ಇದರ ನೆಂಟ ‘ರಿನ್ನೆನ್’ ಇದೆ. ಅದರ ಅರ್ಥ ಹರಿ, ಜಿನುಗು! ಅಂದರೆ ಮೂಗಿನ ‘ರನ್’ ಆಮೇಲೆ ಯಾರೋ ಅಂಟಿಸಿದ ಅರ್ಥ ಅಲ್ಲ. ಹರಿಯುವ ಅರ್ಥವೂ ಮೊದಲಿನಿಂದಲೇ ಆ ಪದದಲ್ಲಿತ್ತು.

ಈಗ ನಿಮ್ಮದು. ಕನ್ನಡದವರಿಗೆ ಇದು ಬೇಗ ಅರ್ಥವಾಗುತ್ತದೆ, ಏಕೆಂದರೆ ನಮ್ಮಲ್ಲಿ ‘ಇಸು’ ಇದೆ. ಓಡು–ಓಡಿಸು, ಕೂರು–ಕೂರಿಸು, ಬೀಳು–ಬೀಳಿಸು. ಹಳೆಯ ಇಂಗ್ಲಿಷಿನಲ್ಲೂ ಇಂಥ ಜೋಡಿಗಳಿದ್ದವು. ತಾನೇ ಓಡುವುದಕ್ಕೆ ಒಂದು ಪದ, ಓಡಿಸುವುದಕ್ಕೆ ಅದೇ ಬೇರಿನ ಇನ್ನೊಂದು ಪದ. ಕಾಲ ಕಳೆದಂತೆ ಎರಡೂ ಸವೆದು ಒಂದೇ ‘ರನ್’ ಆಗಿ ಕೂಡಿಕೊಂಡವು. ಕೆಲವು ಜೋಡಿಗಳು ಮಾತ್ರ ಇಂದಿಗೂ ಬೇರೆ ಬೇರೆಯಾಗಿ ಉಳಿದಿವೆ. ‘ಫಾಲ್’ ಅಂದರೆ ಬೀಳು. ಮರ ‘ಫೆಲ್’ ಮಾಡುವುದು ಅಂದರೆ ಬೀಳಿಸು, ಕಡಿದು ಉರುಳಿಸು. ‘ಲೈ’ ಅಂದರೆ ಮಲಗು, ‘ಲೇ’ ಅಂದರೆ ಮಲಗಿಸು, ಇಡು. ಇನ್ನು ‘ಸಿಟ್’ ಅಂದರೆ ಕೂರು. ಅದರ ‘ಕೂರಿಸು’ ಯಾವುದು ಗೊತ್ತಾ? ಮೇಲಿನ ಪತ್ರದ ಅಜ್ಜ ಕೇಳಿದ ‘ಸೆಟ್’! ನನಗೆ ಇದು ಮೊದಲ ಸಲ ಹೊಳೆದ ದಿನ ರಾತ್ರಿ ನಿದ್ದೆಯೇ ಬರಲಿಲ್ಲ. ಮೂರ್ತಿಯನ್ನು ಪೀಠದ ಮೇಲೆ ಕೂರಿಸುವುದು, ಉಂಗುರಕ್ಕೆ ಹರಳು ಕೂರಿಸುವುದು, ಯಂತ್ರದ ಭಾಗ ಕೂರಿಸುವುದು. ಇವೆಲ್ಲಕ್ಕೂ ಇಂಗ್ಲಿಷಿನವರು ‘ಸೆಟ್’ ಅನ್ನುತ್ತಾರೆ.

ಆದರೆ ಆರು ಲೋಟದ ಒಂದು ‘ಸೆಟ್’ ಅನ್ನುತ್ತೇವಲ್ಲ, ಅದು ಬೇರೆ. ಅದರ ಬೇರು ಲ್ಯಾಟಿನ್, ಹಳೆಯ ಫ್ರೆಂಚ್ ದಾರಿಯಲ್ಲಿ ಬಂದದ್ದು. ಆಟದ ‘ಬ್ಯಾಟ್’ ಬೇರೆ, ಬಾವಲಿಯ ‘ಬ್ಯಾಟ್’ ಬೇರೆ. ಬಾವಲಿಗೆ ಹಿಂದೆ ‘ಬಕ್ಕೆ’ ಎನ್ನುತ್ತಿದ್ದರು, ಬರಬರುತ್ತಾ ಬ್ಯಾಟ್ ಆಯಿತು. ನಮ್ಮ ‘ಓಡು’ ಕೂಡ ಹಾಗೇ. ಮೊಲ ಓಡುವುದಕ್ಕೂ ಆಮೆಯ ಬೆನ್ನಿನ ಓಡಿಗೂ ಸಂಬಂಧವಿಲ್ಲ. ಒಂದೇ ಪದ ಕವಲೊಡೆಯುವುದು ಒಂದು, ಎರಡು ಪದಗಳು ಒಂದೇ ರೂಪಕ್ಕೆ ಬಂದು ನಿಲ್ಲುವುದು ಇನ್ನೊಂದು. ಮಗಳಿಗೆ ಈ ಆಮೆ–ಮೊಲದ ಉದಾಹರಣೆ ಕೊಡಿ, ಮರೆಯುವುದಿಲ್ಲ.

ಪ್ರಶ್ನೆ: ಕೆಲಸಕ್ಕೆ ಸೇರಿ ಮೂರು ತಿಂಗಳಾಯಿತು. ಮೇಲಧಿಕಾರಿ ಇಂಗ್ಲಿಷಿನಲ್ಲೇ ಇಮೇಲ್ ಕಳಿಸುತ್ತಾರೆ. ‘ರನ್ ಥ್ರೂ ದ ರಿಪೋರ್ಟ್’, ‘ರನ್ ಇಟ್ ಬೈ ಮಿ ಫಸ್ಟ್’, ‘ವಿ ಆರ್ ರನ್ನಿಂಗ್ ಔಟ್ ಆಫ್ ಟೈಮ್’, ‘ದ ಮೀಟಿಂಗ್ ರ್‍ಯಾನ್ ಓವರ್’. ಪ್ರತಿ ಸಲ ಅರ್ಥ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಯಾರನ್ನಾದರೂ ಕೇಳಲು ಸಂಕೋಚ.

ಉತ್ತರ: ಸಂಕೋಚ ಬಿಡಿ. ಸಂಕೋಚಪಟ್ಟು ಏನಾಗುತ್ತದೆ ಅಂತ ಅಜ್ಜಿಯ ಕತೆಯಲ್ಲಿ ಹೇಳಿದ್ದೇನೆ.

ಇಲ್ಲಿ ‘ರನ್’ ಜೊತೆ ಅಂಟಿಕೊಂಡ ಸಣ್ಣ ಪದವೇ ಯಜಮಾನ. ‘ಥ್ರೂ’ ಅಂದರೆ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬರುವುದು. ವರದಿಯನ್ನು ‘ರನ್ ಥ್ರೂ’ ಮಾಡಿ ಅಂದರೆ ಮೊದಲಿಂದ ಕೊನೆವರೆಗೆ ಬೇಗ ಒಮ್ಮೆ ನೋಡಿ, ಅಥವಾ ಎಲ್ಲರ ಮುಂದೆ ಒಮ್ಮೆ ಹೇಳಿಕೊಂಡು ಹೋಗಿ ಅಂತ. ‘ಬೈ’ ಅಂದರೆ ಪಕ್ಕದಲ್ಲಿ ಹಾದುಹೋಗುವುದು. ‘ರನ್ ಇಟ್ ಬೈ ಮಿ’ ಅಂದರೆ ‘ಮುಂದುವರಿಯುವ ಮುಂಚೆ ನನ್ನ ಕಣ್ಣಿಗೆ ಒಮ್ಮೆ ಹಾಕಿ, ನನ್ನನ್ನೊಂದು ಮಾತು ಕೇಳಿ’. ಇದನ್ನು ಸುಮ್ನೆ ಸಲಹೆ ಅಂತ ಬಿಡಬೇಡಿ. ಮೇಲಧಿಕಾರಿ ಬರೆದಾಗ ಅದು ಅಪ್ಪಣೆಯೇ. ‘ಓವರ್’ ಅಂದರೆ ಅಂಚು ಮೀರುವುದು. ಮೀಟಿಂಗ್ ‘ರ್‍ಯಾನ್ ಓವರ್’ ಅಂದರೆ ಗೊತ್ತುಮಾಡಿದ ಹೊತ್ತು ಮೀರಿತು. ತೊಟ್ಟಿಯ ನೀರು ‘ರ್‍ಯಾನ್ ಓವರ್’ ಅಂದರೆ ತುಂಬಿ ಚೆಲ್ಲಿತು. ಆದರೆ ಕಾರು ಯಾರನ್ನಾದರೂ ‘ರ್‍ಯಾನ್ ಓವರ್’ ಅಂದರೆ ಅವರ ಮೇಲೆ ಹರಿಯಿತು ಅಂತ. ಇಲ್ಲಿ ಎಚ್ಚರ ಬೇಕು.

‘ರನ್ ಔಟ್’ ಸ್ವಲ್ಪ ನಿಂತು ನೋಡುವಂಥದ್ದು. ‘ದ ಪೇಪರ್ ರ್‍ಯಾನ್ ಔಟ್’ ಅಂದರೆ ಕಾಗದ ಮುಗಿಯಿತು. ‘ವಿ ರ್‍ಯಾನ್ ಔಟ್ ಆಫ್ ಪೇಪರ್’ ಅಂದರೂ ಅದೇ. ವಸ್ತುವಿನಿಂದ ಶುರುವಾದರೆ ‘ಆಫ್’ ಬೇಡ, ಮನುಷ್ಯರಿಂದ ಶುರುವಾದರೆ ‘ಆಫ್’ ಬೇಕು. ನಾವು ಎರಡಕ್ಕೂ ‘ನಮ್ಮ ಹತ್ತಿರ ಕಾಗದ ಖಾಲಿಯಾಯಿತು’ ಅನ್ನುವುದರಿಂದ ಈ ‘ಆಫ್’ ನಮ್ಮವರ ಬರಹದಲ್ಲಿ ಬಹಳ ಸಲ ಬಿದ್ದುಹೋಗುತ್ತದೆ. ನನ್ನ ಕೆಂಪು ಪೆನ್ನು ಜಾಸ್ತಿ ಖರ್ಚಾದ ಜಾಗಗಳಲ್ಲಿ ಇದೂ ಒಂದು. ಇನ್ನು ‘ದೆ ರ್‍ಯಾನ್ ಔಟ್ ಆಫ್ ದ ರೂಮ್’ ಅಂದರೆ ಕೋಣೆ ಖಾಲಿಯಾಗಲಿಲ್ಲ, ಅವರು ಕೋಣೆಯಿಂದ ಹೊರಗೆ ಓಡಿದರು. ಹೆಬ್ಬೆರಳು ಇಟ್ಟು ನೋಡಿ. ಕೋಣೆ ಮುಗಿಯುವ ವಸ್ತುವಲ್ಲ, ಹೊರಗೆ ಹೋಗಬಹುದಾದ ಜಾಗ.

‘ರನ್ ಇಂಟು’ ಅಂದರೆ ಎದುರಿನಿಂದ ಹೋಗಿ ತಗಲುವುದು. ಗೋಡೆಗಾದರೆ ಡಿಕ್ಕಿ, ಹಳೆಯ ಗೆಳೆಯನಿಗಾದರೆ ಅಚಾನಕ್ ಭೇಟಿ, ತೊಂದರೆಗಾದರೆ ಸಿಕ್ಕಿಬೀಳುವುದು. ‘ಐ ಫೀಲ್ ರನ್ ಡೌನ್’ ಅಂದರೆ ‘ಸುಸ್ತಾಗಿದ್ದೇನೆ, ಮೈಯಲ್ಲಿ ಕಸುವಿಲ್ಲ’. ಕೀಲಿ ಕೊಟ್ಟ ಗಡಿಯಾರ ಬಿಚ್ಚಿಕೊಳ್ಳುತ್ತಾ ನಿಂತುಹೋಗುವುದನ್ನು ನೆನೆಸಿಕೊಳ್ಳಿ, ಅದನ್ನೂ ‘ರನ್ ಡೌನ್’ ಅಂತಲೇ ಹೇಳುತ್ತಾರೆ.

ಕಚೇರಿಯ ಮಾತು ಬಂದದ್ದರಿಂದ ಇನ್ನೊಂದು ಹೇಳಬೇಕು. ವರ್ಷಗಳ ಹಿಂದೆ ನೀರೆತ್ತುವ ಪಂಪಿನ ಕೈಪಿಡಿಯೊಂದನ್ನು ಅನುವಾದಿಸಲು ಒಪ್ಪಿಕೊಂಡಿದ್ದೆ. ‘ಡು ನಾಟ್ ರನ್ ದ ಪಂಪ್ ಡ್ರೈ’ ಎಂಬ ವಾಕ್ಯ ಬಂತು. ‘ಒಣಗಿದ ಪಂಪನ್ನು ಓಡಿಸಬೇಡಿ’ ಅಂತ ಬರೆದೆ. ಅಚ್ಚಿಗೆ ಹೋಗುವ ಮುಂಚೆ ಒಬ್ಬ ಮೆಕ್ಯಾನಿಕ್ ಅದನ್ನು ಓದಿ ಕೇಳಿದರು: ‘ಅಮ್ಮಾ, ಹಾಗಾದ್ರೆ ಪಂಪಿನ ಮೇಲೆ ನೀರು ಸುರಿದು ಒದ್ದೆ ಮಾಡಿ ಚಾಲೂ ಮಾಡ್ಬೇಕಾ?’ ಅವರು ನಿಜವಾಗಿಯೂ ಕೇಳಿದ್ದು. ಆಮೇಲೆ ಅವರೇ ವಿವರಿಸಿದರು. ಪಂಪಿನ ಒಳಗೆ ಹಾದುಹೋಗುವ ನೀರೇ ಅದರ ಸೀಲನ್ನು ತಣ್ಣಗಿಡುತ್ತದೆ. ಒಳಗೆ ನೀರಿಲ್ಲದೆ ತಿರುಗಿದರೆ ಸೀಲು ಕಾಯ್ದು ಸುಟ್ಟುಹೋಗುತ್ತದೆ. ‘ಒಳಗೆ ನೀರಿಲ್ಲದಾಗ ಪಂಪು ಚಾಲೂ ಮಾಡಬೇಡಿ’ ಎಂದು ತಿದ್ದಿದೆ. ‘ಡ್ರೈ’ ಎಂಬ ಪದ ನನಗೆ ಗೊತ್ತಿತ್ತು, ಪಂಪು ಗೊತ್ತಿರಲಿಲ್ಲ. ನಿಮ್ಮ ಕಚೇರಿಯಲ್ಲೂ ಪದಕ್ಕಿಂತ ಕೆಲಸ ಗೊತ್ತಿರುವವರು ಇರುತ್ತಾರೆ. ಅವರನ್ನು ಕೇಳಿ.

ಪ್ರಶ್ನೆ: ನಾನು ಏಳನೇ ತರಗತಿ. ಕ್ರಿಕೆಟ್ಟಿನಲ್ಲಿ ಬೌಂಡರಿ ಹೊಡೆದರೆ ಯಾರೂ ಓಡುವುದೇ ಇಲ್ಲ. ಆದರೂ ‘ನಾಲ್ಕು ರನ್’ ಅನ್ನುತ್ತಾರೆ. ಯಾಕೆ ಮೇಡಂ? ‘ರನ್ನರ್ ಅಪ್’ ಅಂದರೆ ಎರಡನೇ ಸ್ಥಾನ. ಅದರಲ್ಲಿ ‘ಅಪ್’ ಯಾಕೆ?

ಉತ್ತರ: ಪುಟ್ಟಾ, ಮೊದಲು ರನ್ ಅಂದರೆ ನಿಜವಾದ ಓಟವೇ. ಪಿಚ್ 22 ಗಜ. ಇಬ್ಬರೂ ಬ್ಯಾಟರ್‌ಗಳು ಓಡಿ ತುದಿ ಬದಲಾಯಿಸಿದರೆ ಒಂದು ರನ್. ಎಣಿಸುತ್ತಾ ಎಣಿಸುತ್ತಾ ‘ರನ್’ ಎಂಬುದು ಓಟದ ಹೆಸರಾಗಿದ್ದದ್ದು ಅಂಕದ ಹೆಸರೂ ಆಯಿತು. ಆದ್ದರಿಂದ ಬೌಂಡರಿಗೂ ವೈಡ್‌ಗೂ ಓಡದೇ ಇದ್ದರೂ ರನ್ ಬರುತ್ತದೆ. ಓಟ ಹೋಯಿತು, ಹೆಸರು ಉಳಿಯಿತು. ಕ್ರಿಕೆಟ್ಟಿನ ‘ರನ್ ಔಟ್’ ಮಾತ್ರ ಮೇಲೆ ಹೇಳಿದ ಕಾಗದ ಮುಗಿಯುವ ‘ರನ್ ಔಟ್’ ಅಲ್ಲ, ಓಡುವಾಗ ಔಟ್ ಆಗುವುದು.

‘ರನ್ನರ್ ಅಪ್’ ಬಂದದ್ದು 19ನೇ ಶತಮಾನದ ನಾಯಿಗಳ ಪಂದ್ಯದಿಂದ. ಎಲ್ಲ ಸುತ್ತುಗಳಲ್ಲೂ ಗೆದ್ದು, ಕಡೆಯ ಸುತ್ತಿನಲ್ಲಿ ಮಾತ್ರ ಸೋತ ನಾಯಿಗೆ ಆ ಹೆಸರು. ಕೊನೆಯವರೆಗೂ ಓಡಿ ಬಂದದ್ದು ಅಂತ. ಎರಡನೇ ಸ್ಥಾನಕ್ಕೆ ಎಷ್ಟು ಮರ್ಯಾದೆಯ ಹೆಸರು ನೋಡು.

ಪ್ರಶ್ನೆ: ಅಮೆರಿಕದ ಸುದ್ದಿಯಲ್ಲಿ ‘ರನ್ನಿಂಗ್ ಫಾರ್ ಪ್ರೆಸಿಡೆಂಟ್’ ಎನ್ನುತ್ತಾರೆ. ನಾವು ಚುನಾವಣೆಗೆ ‘ನಿಲ್ಲು’ ಎನ್ನುತ್ತೇವೆ. ಅವರದು ಓಟ, ನಮ್ಮದು ನಿಲುವು. ಎರಡೂ ಒಂದೇ ಹೇಗೆ?

ಉತ್ತರ: ಬ್ರಿಟನ್ನಿನವರೂ ನಿಲ್ಲುತ್ತಾರೆ. ಅವರ ಮಾತು ‘ಸ್ಟ್ಯಾಂಡ್ ಫಾರ್ ಎಲೆಕ್ಷನ್’. ‘ರನ್’ ಬಳಸುವುದು ಮುಖ್ಯವಾಗಿ ಅಮೆರಿಕದವರು. ಒಬ್ಬರಿಗೆ ಅಭ್ಯರ್ಥಿ ಅಂದರೆ ಜನರ ಮುಂದೆ ಎದ್ದು ನಿಂತವನು, ಇನ್ನೊಬ್ಬರಿಗೆ ಪಂದ್ಯದಲ್ಲಿ ಓಡುವವನು. ಕನ್ನಡಕ್ಕೆ ತರುವಾಗ ‘ಅಧ್ಯಕ್ಷ ಸ್ಥಾನಕ್ಕೆ ಓಡುತ್ತಿದ್ದಾರೆ’ ಅಂತ ಬರೆಯಬೇಡಿ. ಇತ್ತೀಚೆಗೆ ಅದನ್ನೂ ಓದಿದೆ, ಬೇಸರವಾಯಿತು. ‘ನಿಂತಿದ್ದಾರೆ’, ‘ಸ್ಪರ್ಧಿಸಿದ್ದಾರೆ’ ಎರಡೂ ಇವೆಯಲ್ಲ.

ಪ್ರಶ್ನೆ: ಒಂದೇ ಪದಕ್ಕೆ ಆರುನೂರು ಅರ್ಥ ಅಂದರೆ ಅದು ಭಾಷೆಯ ಬಡತನ ಅಲ್ಲವೇ? ನಮ್ಮಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಪದ ಇದೆ. ಇಂಗ್ಲಿಷ್ ಯಾಕೆ ಇಷ್ಟು ಗೊಂದಲ?

ಉತ್ತರ: ಕನ್ನಡದ ಮೇಲಿನ ನಿಮ್ಮ ಪ್ರೀತಿ ನನಗೂ ಇದೆ. ಆದರೆ ಈ ಮಾತನ್ನು ಒಪ್ಪಲಾರೆ.

‘ಹೊಡೆ’ ಪದವನ್ನೇ ತೆಗೆದುಕೊಳ್ಳಿ. ಕೋಲಿನಿಂದ ಹೊಡೆಯುತ್ತೇವೆ, ಸರಿ. ಗೋಡೆಗೆ ಬಣ್ಣ ಹೊಡೆಯುತ್ತೇವೆ. ಟೈರಿಗೆ ಗಾಳಿ ಹೊಡೆಯುತ್ತೇವೆ. ಗಿಡಕ್ಕೆ ಔಷಧಿ ಹೊಡೆಯುತ್ತೇವೆ. ಮೊಳೆ, ಗಂಟೆ, ಶಿಳ್ಳೆ, ಹರಟೆ, ನಿದ್ದೆ, ಕಾಪಿ, ಕಣ್ಣು, ಈಜು, ಗಾಡಿ ಎಲ್ಲವನ್ನೂ ಹೊಡೆಯುತ್ತೇವೆ. ಕರೆಂಟು ನಮಗೇ ಹೊಡೆಯುತ್ತದೆ. ಮುಚ್ಚಿಟ್ಟ ಕೋಣೆ ವಾಸನೆ ಹೊಡೆಯುತ್ತದೆ. ಕನ್ನಡ ಕಲಿಯಲು ಬಂದ ಪರಭಾಷೆಯ ಗೆಳತಿಯೊಬ್ಬಳು ‘ನಿದ್ದೆ ಹೊಡೆದ’ ಎಂಬುದನ್ನು ಕೇಳಿ, ಯಾರೋ ಮಲಗಿದ್ದವನನ್ನು ಬಡಿದರು ಅಂತ ಗಾಬರಿಯಾಗಿದ್ದಳು. ಅವಳ ಕೈಗೆ ಕನ್ನಡ ನಿಘಂಟು ಕೊಟ್ಟಿದ್ದರೆ ಈ ಸಲದ ಮೊದಲ ಪತ್ರವನ್ನು ಅವಳೇ ಬರೆಯುತ್ತಿದ್ದಳು.

‘ಹಿಡಿ’ ಇನ್ನೂ ಆಳ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಮಗುವಿಗೆ ನೆಗಡಿ ಹಿಡಿಯುತ್ತದೆ, ಕೆಲಸಕ್ಕೆ ಎರಡು ದಿನ ಹಿಡಿಯುತ್ತದೆ, ಕೊಡ ಹತ್ತು ಲೀಟರ್ ಹಿಡಿಯುತ್ತದೆ, ಮಳೆ ಹಿಡಿದರೆ ಬಿಡುವುದಿಲ್ಲ. ಇಷ್ಟಪಟ್ಟದ್ದು ಮನಸ್ಸಿಗೆ ಹಿಡಿಸುತ್ತದೆ. ಇದರಲ್ಲಿ ಯಾವುದು ಬಡತನ ಹೇಳಿ? ನಾಲ್ಕು ಕಾಸಿನಲ್ಲಿ ನಲವತ್ತು ಮಂದಿಗೆ ಬಡಿಸುವ ಗೃಹಿಣಿಯ ಜಾಣತನ ಇದು.

ಒಂದು ಪದಕ್ಕೆ ಅನೇಕ ಅರ್ಥ ಇರುವ ಈ ಗುಣಕ್ಕೆ ಫ್ರಾನ್ಸಿನ ಮಿಶೆಲ್ ಬ್ರೆಯಾಲ್ 1897ರಲ್ಲಿ ‘ಪಾಲಿಸೆಮಿ’ ಎಂಬ ಹೆಸರು ಕೊಟ್ಟರು. ಹೊಸ ವಸ್ತು ಬಂದಾಗಲೆಲ್ಲ ಹೊಸ ಪದ ಹುಟ್ಟಿಸುತ್ತಾ ಹೋದರೆ ಯಾರ ತಲೆಯಲ್ಲೂ ಹಿಡಿಯುವುದಿಲ್ಲ. ಉಗಿಯಂತ್ರ ಬಂದಾಗ ಇಂಗ್ಲಿಷಿನವರು ಹಳೆಯ ‘ರನ್’ ಅನ್ನೇ ಕೊಟ್ಟರು, ರೈಲು ಬಂದಾಗ ಅದನ್ನೇ ಕೊಟ್ಟರು, ಕಂಪ್ಯೂಟರ್ ಬಂದಾಗಲೂ ಅದನ್ನೇ. ನಾವೂ ಫೋನ್ ಬಂದಾಗ ‘ಒಂದು ಫೋನ್ ಹೊಡಿ’ ಅಂದೆವು. ‘ಯಾಕೋ ತಲೆಯೇ ಓಡುತ್ತಿಲ್ಲ’ ಅಂತ ನೀವೂ ಹೇಳಿರುತ್ತೀರಿ. ಹಾಗೆ ಹೇಳುವಾಗ ನಿಮಗೆ ಎಂದಾದರೂ ಗೊಂದಲವಾಗಿದೆಯೇ? ಕೇಳಿದವರಿಗೂ ಆಗಿರುವುದಿಲ್ಲ.

ಪ್ರಶ್ನೆ: ಒಂದೇ ಸಾಲು. ‘ಷಿ ರ್‍ಯಾನ್ ಹರ್ ಫಿಂಗರ್ ಡೌನ್ ದ ಪೇಜ್’. ಕತೆಯೊಂದನ್ನು ಅನುವಾದಿಸುತ್ತಿದ್ದೇನೆ. ‘ಪುಟದ ಕೆಳಗೆ ಬೆರಳನ್ನು ಓಡಿಸಿದಳು’ ಎಂದು ಬರೆದೆ. ಸಮಾಧಾನವಿಲ್ಲ.

ಉತ್ತರ: ಸಮಾಧಾನ ಆಗದೇ ಇದ್ದದ್ದು ಒಳ್ಳೆಯದೇ. ‘ಪುಟದ ಕೆಳಗೆ’ ಅಂದರೆ ಹಾಳೆಯ ಅಡಿಯಲ್ಲಿ ಅಂತಾಗುತ್ತದೆ. ‘ಓಡಿಸಿದಳು’ ಅಂದರೆ ಅವಸರ ಜಾಸ್ತಿಯಾಯಿತು. ನಮಗೆ ‘ಆಡಿಸು’ ಇದೆ. ಪಟ್ಟಿಯಲ್ಲಿ ಹೆಸರು ಹುಡುಕುತ್ತಿದ್ದರೆ ‘ಪುಟದ ಮೇಲಿನಿಂದ ಕೆಳಗಿನವರೆಗೆ ಬೆರಳಾಡಿಸಿದಳು’ ಅನ್ನಿ. ತೀರಿಹೋದವರ ಕೈಬರಹವನ್ನು ಮುಟ್ಟಿ ನೋಡುತ್ತಿದ್ದರೆ ‘ಸಾಲುಗಳ ಮೇಲೆ ಮೆಲ್ಲಗೆ ಬೆರಳು ಸವರಿದಳು’. ಕತೆಯಲ್ಲಿ ಅವಳು ಯಾಕೆ ಆ ಪುಟ ತೆರೆದಳು ಅಂತ ನೀವು ಬರೆದಿಲ್ಲ. ಆ ಹಿಂದಿನ ಎರಡು ಸಾಲು ಕಳಿಸಿ.